ಜೇಬಿನಲ್ಲಿದ್ದ ಫ್ಯೂಸು

ನಾಲ್ಕು ಬ್ಯಾಟರಿಗಳು ಮನೆಗೆ ಬಂದ ದಿನ ಸೊಸೆ ಪಾತ್ರೆಗಳನ್ನು ತುಸು ಜೋರಾಗಿಯೇ ಜೋಡಿಸಿದಳು. ಕೆಡವುತ್ತಿದ್ದ ಹಳೇ ಹೋಟೆಲೊಂದರ ಲಿಫ್ಟಿಗೆ ಇಟ್ಟಿದ್ದ ಬ್ಯಾಟರಿಗಳವು. ಒಂದೊಂದನ್ನು ಎತ್ತುವುದಕ್ಕೂ ಇಬ್ಬರು ಬೇಕಿತ್ತು. ಅಜ್ಜ ಅವನ್ನು ಮಹಡಿಗೆ ಹೊರಿಸಿ, ಬೀದಿ ಕಡೆಯ ಕೋಣೆಯಲ್ಲಿ, ಸರಿಯಾಗಿ ಸೊಸೆ ಬಟ್ಟೆ ಕತ್ತರಿಸುವ ಮೇಜು ಇದ್ದ ಜಾಗದಲ್ಲೇ ಸಾಲಾಗಿ ಕೂರಿಸಿದ. ಮೇಜು ಗೋಡೆಗೊರಗಿ, ನಾಲ್ಕು ಕಾಲನ್ನೂ ಮುಂದೆ ಚಾಚಿಕೊಂಡು, ಮುನಿಸಿಕೊಂಡ ಕತ್ತೆಯ ಹಾಗೆ ನಿಂತಿತು.

“ಮಾವ, ನಾನೀಗ ಬಟ್ಟೆ ಎಲ್ಲಿ ಕತ್ತರಿಸ್ಲಿ?”

“ನಾಲ್ಕು ದಿನ ನೆಲದ ಮೇಲೆ ಹಾಸ್ಕೊಂಡು ಕತ್ತರಿಸಮ್ಮ.”

“ಕೋಟು ಯಾರಾದ್ರೂ ನೆಲದ ಮೇಲೆ ಕತ್ತರಿಸ್ತಾರಾ? ನನ್ನ ಸೊಂಟ ಏನಾಗ್ಬೇಕು? ಮೆಟ್ಟಿಲ ಕೆಳಗೆ ಅಷ್ಟು ಜಾಗ ಬಿದ್ದಿದೆ, ಅಲ್ಲಿಡಿ.”

“ಕಾಲುವೆ ನೀರು ನುಗ್ಗಿದ್ರೆ ಮೊದಲು ಮುಳುಗೋದೇ ಮೆಟ್ಟಿಲ ಕೆಳಗಿರೋದು. ಆಮೇಲೆ ಮೀನುಗಳು ದೀಪ ಹಾಕ್ಕೊಂಡು ಓದ್ಬೇಕು, ಅಷ್ಟೆ.”

ಸೊಸೆ ಟೈಲರ್. ಕೋಟು, ಶಾಲೆ ಸಮವಸ್ತ್ರ, ಪರದೆ, ಏನು ಕೊಟ್ಟರೂ ಹೊಲಿಯುವವಳು. ಮನೆಯ ಅರ್ಧ ಅನ್ನ ಆ ಮೇಜಿನ ಮೇಲೇ ಬೇಯುತ್ತಿತ್ತು. ಅವಳ ಗಂಡ ದೂರದೂರಿನ ಬಸ್ಸಿನ ಡ್ರೈವರ್. ವಾರಕ್ಕೆರಡು ದಿನ ಮನೆಗೆ ಬರುತ್ತಿದ್ದ ಅವನ ಮುಂದೆ ತಕರಾರು ಹೋದಾಗ, “ಅಪ್ಪ, ಅವಳ ಮಾತು ಸ್ವಲ್ಪ ಕೇಳಿ,” ಎಂದ. ಹೆಂಡತಿಯ ಕಡೆ ತಿರುಗಿ, “ನೀನೂ ಅಪ್ಪನ ಮಾತು ಸ್ವಲ್ಪ ಕೇಳು,” ಎಂದ. ಇಷ್ಟು ತೀರ್ಪು ಕೊಟ್ಟು ಹೊದ್ದುಕೊಂಡು ಮಲಗಿಬಿಟ್ಟ.

“ತಿಂಗಳ ಕೊನೆವರೆಗೂ ನೋಡ್ತೀನಿ ಮಾವ,” ಎಂದಳು ಸೊಸೆ. “ಅಷ್ಟರಲ್ಲಿ ಈ ನಾಲ್ಕು ಡಬ್ಬಗಳಿಂದ ಯಾರಿಗೆ ಏನುಪಯೋಗ ಅಂತ ತೋರಿಸಿ. ಇಲ್ದಿದ್ರೆ ಗುಜರಿಯವನನ್ನ ನಾನೇ ಕರೀತೀನಿ.”

ಅಜ್ಜ ಆಯಿತೆಂದು ತಲೆಯಾಡಿಸಿದ. ಉಪಯೋಗ ಯಾರಿಗೆ ಎನ್ನುವುದು ಅವನಿಗೆ ಗೊತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳುವ ಹಾಗಿರಲಿಲ್ಲ.

ಅಜ್ಜ ಮೂವತ್ತನಾಲ್ಕು ವರ್ಷ ಲೈನ್‌ಮನ್ ಆಗಿದ್ದವನು. ಕಂಬ ಹತ್ತುವ ಮುಂಚೆ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು ಎಂಬುದು ಅವನಿಗೆ ಗುರು ಕಲಿಸಿದ ಮೊದಲ ಪಾಠ. ಫ್ಯೂಸು ನಿನ್ನ ಜೇಬಲ್ಲಿದ್ದರೆ ಕೆಳಗೆ ಯಾವ ಬುದ್ಧಿವಂತ ಬಂದು ಸ್ವಿಚ್ ಹಾಕಿದರೂ ನೀನು ಬದುಕಿರುತ್ತೀಯ. ಆ ಪಾಠದಿಂದಲೇ ಅಜ್ಜ ಬದುಕಿ, ನಿವೃತ್ತನಾಗಿ, ಮನೆಯಲ್ಲಿ ಬಲ್ಬು ಬದಲಾಯಿಸುವಾಗಲೂ ಫ್ಯೂಸು ಜೇಬಿಗಿಳಿಸುತ್ತಿದ್ದ. ಎಷ್ಟೋ ಸಲ ಹಾಗೇ ಪೇಪರ್ ತರಲು ಹೋಗಿಬಿಟ್ಟು, ಮನೆಯವರು ಕತ್ತಲಲ್ಲಿ ಕೂತು ಅವನನ್ನು ಬೈಯುವ ಹಾಗೂ ಮಾಡುತ್ತಿದ್ದ.

ಅದೇ ಕೈ ಮನೆಮನೆಗಳ ಫ್ಯೂಸನ್ನೂ ಕಿತ್ತಿತ್ತು. ಕಚೇರಿಯಿಂದ ಬಿಲ್ಲು ಕಟ್ಟದವರ ಪಟ್ಟಿ ಬರುತ್ತಿತ್ತು. ಪಟ್ಟಿಯಲ್ಲಿದ್ದ ಮನೆಗೆ ಹೋಗಿ ಫ್ಯೂಸು ಕಿತ್ತು ಜೇಬಿಗೆ ಹಾಕಿ ಹೊರಟರೆ ಕೆಲಸ ಮುಗಿಯಿತು. ಓಣಿಯವರು ಅವನನ್ನು ‘ಫ್ಯೂಸಜ್ಜ’ ಎನ್ನುತ್ತಿದ್ದರು. ಮುದ್ದಿಗೆ ಇಟ್ಟ ಹೆಸರಲ್ಲ ಅದು.

ಹನ್ನೆರಡು ವರ್ಷದ ಹಿಂದೆ ಆ ಪಟ್ಟಿಯಲ್ಲಿ ಎದುರು ಮನೆಯ ಟೀಚರ್ ಹೆಸರೂ ಬಂತು. “ಕಟ್ಟಿದ್ದೀನಿ ನೋಡಿ, ರಸೀದಿ ಇಲ್ಲಿದೆ,” ಎಂದು ಟೀಚರ್ ಚೀಟಿ ಹಿಡಿದುಕೊಂಡು ಮೆಟ್ಟಿಲವರೆಗೂ ಬಂದಿದ್ದರು. “ನನಗೆ ಪಟ್ಟಿಯಲ್ಲಿರೋದು ಮುಖ್ಯ,” ಎಂದು ಅಜ್ಜ ಅದರ ಮೇಲೆ ಕಣ್ಣೂ ಹಾಯಿಸಲಿಲ್ಲ. ಟೀಚರ್ ಮನೆಯಲ್ಲಿ ಮಾರನೇ ದಿನದ ಪರೀಕ್ಷೆಗೆ ಓದಲು ಬಂದಿದ್ದ ಹದಿನೆಂಟು ಮಕ್ಕಳು ಮೇಣದಬತ್ತಿ ಸುತ್ತ ಕೂತರು. ಎರಡು ದಿನದ ಮೇಲೆ ಕಚೇರಿಯವರೇ ತಪ್ಪಾಯಿತೆಂದು ಫ್ಯೂಸು ವಾಪಸು ಕಳಿಸಿದರು. ಅಜ್ಜ ಮಾತ್ರ ತುಟಿ ಬಿಚ್ಚಲಿಲ್ಲ. ಟೀಚರ್ ಅಂದಿನಿಂದ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಜಗಳಕ್ಕೆ ಮುಂಚೆ ಎರಡು ಮನೆಗಳ ಬಾಲ್ಕನಿಗಳ ನಡುವೆ, ಓಣಿಯ ಮೇಲೆ ಹಾದುಹೋಗುವ ಹಾಗೆ, ಅಜ್ಜನೇ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದ. ಎರಡೂ ತುದಿಗೆ ರಾಟೆ. ಇಲ್ಲಿಂದ ಎಳೆದರೆ ಅಲ್ಲಿಯ ಬಟ್ಟೆ ಇಲ್ಲಿಗೆ. ಆಮೇಲೆ ಅದನ್ನು ಯಾರೂ ಮುಟ್ಟಕೂಡದು ಎಂದು ಅಪ್ಪಣೆ ಮಾಡಿದ. ಹಗ್ಗ ಹಾಗೇ ಉಳಿಯಿತು. ಬಿಚ್ಚುವುದಕ್ಕೂ ಎದುರು ಮನೆಯವರ ಹತ್ತಿರ ಮಾತಾಡಬೇಕಿತ್ತಲ್ಲ!

ಹೋದ ವರ್ಷ ಕಾಲುವೆ ಉಕ್ಕಿ ಓಣಿಗೆ ನೀರು ಬಂತು, ಮೂರು ದಿನ ಕರೆಂಟಿರಲಿಲ್ಲ. ಟೀಚರ್ ತಾಯಿಗೆ ಉಸಿರಾಟದ ತೊಂದರೆ; ಹಾಸಿಗೆ ಪಕ್ಕದಲ್ಲೊಂದು ಆಕ್ಸಿಜನ್ ಮಷಿನ್ ಸದಾ ಗುಂಯ್ ಅನ್ನುತ್ತಿರಬೇಕು. ಅದು ನಿಂತಾಗ ನಾಲ್ಕು ಜನ ಆ ಮುದುಕಿಯನ್ನು ಕುರ್ಚಿ ಸಮೇತ ತಲೆ ಮೇಲೆತ್ತಿಕೊಂಡು ಸೊಂಟ ಮಟ್ಟದ ನೀರಲ್ಲಿ ಆಸ್ಪತ್ರೆಗೆ ಸಾಗಿಸಿದರು. ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದ ಅಜ್ಜನಿಗೆ ಅವತ್ತು ತಟ್ಟೆಗೆ ಬಡಿಸಿದ ಅನ್ನ ಇಳಿಯಲಿಲ್ಲ. ಬ್ಯಾಟರಿಗಳ ಹಿಂದಿನ ಗುಟ್ಟು ಇಷ್ಟೇ. ತನ್ನ ಕೈ ಕಿತ್ತ ಬೆಳಕು ಒಂದು ಸಲವಾದರೂ ಆ ಮನೆಗೆ ವಾಪಸು ಹೋಗಬೇಕು, ಅವರು ಬೇಡವೆನ್ನದೆ ತಗೋಬೇಕು.

ಎರಡನೇ ವಾರಕ್ಕೆ ಚಾವಣಿಯ ಮೇಲೆ ಎರಡು ಸೋಲಾರ್ ಫಲಕ ಕೂತವು. ಬ್ಯಾಟರಿಗಳ ಪಕ್ಕದಲ್ಲಿ ಇನ್ವರ್ಟರ್ ಪೆಟ್ಟಿಗೆ, ಗೋಡೆಗೊಂದು ಹಲಗೆ, ಹಲಗೆಗೆ ಒಂದೇ ಒಂದು ದೊಡ್ಡ ಬಿಳಿ ಪಿಂಗಾಣಿ ಫ್ಯೂಸು. ಅಜ್ಜನ ಹಳೇ ಸಾಮಾನಿನ ಡಬ್ಬದಿಂದ ಬಂದದ್ದು; ಈಗ ಯಾವ ಅಂಗಡಿಯಲ್ಲೂ ಸಿಗದ ಜಾತಿ. ಅಲ್ಲಿಂದ ಓಣಿಯ ಆರು ಮನೆಗೆ ತಂತಿ ಎಳೆಯುವುದು ಅವನ ಯೋಜನೆ. ಮನೆಗೊಂದು ಬಲ್ಬು, ಒಂದು ಫೋನಿಗೆ ಚಾರ್ಜು. ಮೊಮ್ಮಗಳ ಕೈಲಿ ದುಂಡಗೆ ಬರೆಸಿದ ಸೂಚನೆಯನ್ನು ಆರೂ ಬಾಗಿಲಿಗೆ ಅಂಟಿಸಿದ: ‘ಭಾನುವಾರ ಸಂಜೆ ಆರಕ್ಕೆ ತಾಲೀಮು. ತಪ್ಪದೆ ಬರುವುದು.’

ಭಾನುವಾರ ಆರು ಗಂಟೆಗೆ ಒಬ್ಬರೂ ಬರಲಿಲ್ಲ. ಟೀಚರ್ ಹತ್ತಿರ ಪಾಠಕ್ಕೆ ಹೋಗುತ್ತಿದ್ದ ಮೊಮ್ಮಗಳು, ಅಜ್ಜ ಕೊಟ್ಟುಕಳಿಸಿದ್ದ ತಂತಿಯ ಸುರುಳಿಯನ್ನು ಹಾಗೇ ಹಿಡಿದುಕೊಂಡು ವಾಪಸು ಬಂದಳು.

“ಅಜ್ಜ, ಟೀಚರ್ ಬೇಡ ಅಂದ್ರು.”

“ಏನಂದ್ರು? ಪೂರ್ತಿ ಹೇಳು.”

“‘ಕಿತ್ಕೊಂಡು ಹೋದೋರ ಕರೆಂಟು ನಮಗೆ ಬೇಡ, ಸಿಲಿಂಡರ್ ಇಟ್ಕೊಂಡಿದ್ದೀನಿ’ ಅಂದ್ರು. ಆಮೇಲೆ ನಂಗೆ ಬಿಸ್ಕತ್ತು ಕೊಟ್ರು.”

ಅಜ್ಜ ಸುರುಳಿಯನ್ನು ಬಾಲ್ಕನಿಯ ಮೊಳೆಗೆ ನೇತುಹಾಕಿದ. ಅಷ್ಟೊತ್ತಿಗೆ ಅಜ್ಜಿ ಇಬ್ಬರನ್ನು ಕೈ ಹಿಡಿದು ಎಳೆದುಕೊಂಡೇ ಬಂದಿದ್ದಳು: ಮೂಲೆಯ ಬೇಕರಿಯವನನ್ನು, ಮತ್ತೆ ಟೀಚರ್ ಪಕ್ಕದ ಮನೆಯ ಬಾಣಂತಿಯನ್ನು. ಅಜ್ಜ ಗಂಟಲು ಸರಿಮಾಡಿಕೊಂಡು ಮನೆಯ ಮೇನ್ ಆಫ್ ಮಾಡಿ, ಪೆಟ್ಟಿಗೆ ಚಾಲೂ ಮಾಡಿದ. ಬಲ್ಬು ಹತ್ತಿತು. ಬಂದವರು ಚಪ್ಪಾಳೆ ಹೊಡೆಯಲು ಕೈಯೆತ್ತಿದ್ದರು, ಅಷ್ಟರಲ್ಲಿ ಟಪ್ ಎಂದಿತು, ಎಲ್ಲ ಕತ್ತಲು.

“ಯಾರು? ಯಾರದು? ಏನು ಹಾಕಿದ್ರಿ?”

ಕತ್ತಲಲ್ಲಿ ಸೊಸೆಯ ಸಣ್ಣ ದನಿ ಬಂತು. “ಇಸ್ತ್ರಿ ಪೆಟ್ಟಿಗೆ ಹಾಕಿದ್ದೆ. ನಾಳೆ ಕೋಟು ಕೊಡ್ಬೇಕು ಮಾವ.”

“ಇಸ್ತ್ರಿ! ಲಿಫ್ಟಿನ ಬ್ಯಾಟರಿಗೆ ಇಸ್ತ್ರಿ!”

“ಲಿಫ್ಟು ಎಂಟು ಜನರನ್ನ ಹೊರುತ್ತಿತ್ತಂತೆ, ಒಂದು ಇಸ್ತ್ರಿ ಹೊರೋಕೆ ಆಗಲ್ವಾ?”

ಬೇಕರಿಯವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅಜ್ಜ ಮಾತ್ರ ಮುಖ ಊದಿಸಿಕೊಂಡು ಫ್ಯೂಸಿಗೆ ಹೊಸ ತಂತಿ ಕಟ್ಟಿದ.

ಊಟಕ್ಕೆ ಕೂತಾಗ ಅಜ್ಜಿ ಅವನ ತಟ್ಟೆಗೆ ಬೇಳೆ ಬಡಿಸುತ್ತಾ ಕೇಳಿದಳು, “ರೀ, ನೀವು ಯಾರ ಮನೆಗಾದ್ರೂ ಹೋಗಿ, ‘ನಿಮಗೇನು ಬೇಕು’ ಅಂತ ಕೇಳಿದ್ದೀರಾ?”

“ಕೇಳೋದೇನು? ಎಲ್ರಿಗೂ ಬೆಳಕು ಬೇಕು.”

“ಬೇಕರಿಯವನಿಗೆ ಬೆಳಕು ಬೇಡ, ಅವನ ಮನೇಲಿ ಮೇಣದಬತ್ತಿ ಡಬ್ಬಗಟ್ಟಲೆ ಇದೆ. ಫೋನ್ ಸತ್ತರೆ ಮಾತ್ರ ಅವನ ಪ್ರಾಣ ಹೋಗುತ್ತೆ. ಬಾಣಂತಿಗೆ ಹಾಲು ಬಿಸಿ ಮಾಡೋದಕ್ಕೆ ಬೇಕು. ಅವಳ ಪಕ್ಕದ ಬಡಗಿಗೆ ಏನೂ ಬೇಡ, ಆದ್ರೆ ಅವನಿಗೆ ಗಟ್ಟಿ ತೋಳಿದೆ, ಯಾರನ್ನಾದ್ರೂ ಎತ್ತೋದಿದ್ರೆ ಕರೀರಿ ಅಂತಾನೆ. ಎದುರು ಮನೆ ಅಮ್ಮನ ಸಿಲಿಂಡರು ಬರೋದು ನಾಲ್ಕೇ ಗಂಟೆ.”

“ಅದೆಲ್ಲ ನಿನಗೆ ಹೇಗೆ ಗೊತ್ತು?”

“ಕಿವಿ ಇದೆ,” ಎಂದು ಅಜ್ಜಿ ಇನ್ನೊಂದು ಸೌಟು ಬಡಿಸಿದಳು. “ತಂತಿ ನೀವು ಎಳೀರಿ. ಮನೆಗಳಿಗೆ ನಾನು ಹೋಗ್ತೀನಿ. ನೀವು ಹೋದ್ರೆ ಜನ ಮೀಟರ್ ಮುಚ್ಕೋತಾರೆ.”

ಮೊಮ್ಮಗಳಿಗೆ ನಗು ತಡೆಯಲಾಗದೆ ನೀರು ನೆತ್ತಿಗೇರಿತು. ಸೊಸೆ ಅವಳ ಬೆನ್ನು ತಟ್ಟುತ್ತಾ ತಾನೂ ನಕ್ಕಳು, ಬ್ಯಾಟರಿ ಬಂದ ಮೇಲೆ ಮೊದಲ ಸಲ.

ಮೂರನೇ ವಾರ ಪೂರ್ತಿ ಅಜ್ಜಿ ಮನೆಮನೆ ಸುತ್ತಿದಳು, ಅಜ್ಜ ಅವಳ ಹಿಂದೆ ತಂತಿ ಎಳೆದ. ಐದು ಮನೆ ಆಯಿತು. ಆರನೆಯದರ ತಂತಿ ಬಾಲ್ಕನಿಯ ಮೊಳೆಯಲ್ಲೇ ನೇತಾಡುತ್ತಿತ್ತು. ಸೊಸೆ ನೆಲದ ಮೇಲೆ ಕೂತು ಸಮವಸ್ತ್ರ ಕತ್ತರಿಸುತ್ತಾ, ದಿನಕ್ಕೆರಡು ಸಲ ಸೊಂಟ ಹಿಡಿದುಕೊಂಡು, ಮಾವನಿಗೆ ಕೇಳಿಸುವ ಹಾಗೆ, “ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ,” “ಇನ್ನು ಎಂಟು ದಿನ” ಎಂದು ಎಣಿಸುತ್ತಿದ್ದಳು.

ಇನ್ನು ಮೂರು ದಿನ ಇದ್ದಾಗ ಮಳೆ ಹಿಡಿಯಿತು. ಬೆಳಗಿನಿಂದ ರೇಡಿಯೋ ಎಚ್ಚರಿಕೆ ಹೇಳುತ್ತಲೇ ಇತ್ತು. ಅಜ್ಜನಿಗೆ ಹುರುಪೋ ಹುರುಪು. ಮಧ್ಯಾಹ್ನ ಮೂರಕ್ಕೆ ಬ್ಯಾಟರಿಗಳಿಗೆ ನೀರು ಹಾಕಲು ಕೂತ. ಅದಕ್ಕೆ ಶುದ್ಧ ಮಾಡಿದ ನೀರೇ ಆಗಬೇಕು, ನಲ್ಲಿ ನೀರು ನಡೆಯದು. ಮೂರು ಬ್ಯಾಟರಿ ತುಂಬುವಷ್ಟರಲ್ಲಿ ಬಾಟಲಿ ಖಾಲಿ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು. “ಬೇಕರಿ ಪಕ್ಕದ ಗ್ಯಾರೇಜಿನಿಂದ ತರ್ತೀನಿ, ಐದು ನಿಮಿಷ,” ಎಂದು ಛತ್ರಿ ಹಿಡಿದು ಹೊರಟ.

ಐದು ನಿಮಿಷಕ್ಕೆ ಕಾಲುವೆ ಒಡೆಯಿತು. ಗ್ಯಾರೇಜಿನಿಂದ ಹೊರಬಂದ ಅಜ್ಜನಿಗೆ ಓಣಿಯೇ ಕಾಣಲಿಲ್ಲ. ಕೆಂಪು ನೀರು ಯಾರದೋ ಬಕೆಟ್ಟು, ಯಾರದೋ ಚಪ್ಪಲಿ ಹೊತ್ತುಕೊಂಡು ಓಡುತ್ತಿತ್ತು. ಬೇಕರಿಯವನು ಅವನ ಕಾಲರ್ ಹಿಡಿದೆಳೆದು ಮಹಡಿಗೆ ಹತ್ತಿಸಿದ. ಅದೇ ಹೊತ್ತಿಗೆ ಓಣಿಯ ಕರೆಂಟು ಹೋಯಿತು.

“ಹೋಗಲಿ ಬಿಡು,” ಎಂದ ಅಜ್ಜ, ತೊಪ್ಪೆಯಾದ ಅಂಗಿಯ ಅಂಚು ಹಿಂಡುತ್ತಾ, ಜಂಬದಿಂದ. “ಈಗ ನೋಡು ನಮ್ಮ ಪೆಟ್ಟಿಗೆ ಹೇಗೆ ಬೆಳಕು ಕೊಡುತ್ತೆ ಅಂತ.”

ಇಬ್ಬರೂ ಕಿಟಕಿಯಿಂದ ನೋಡಿದರು. ಐದು ಮನೆಯಲ್ಲೂ ಕತ್ತಲು. ಅಜ್ಜನ ಮನೆ ಬಾಲ್ಕನಿಯಲ್ಲಿ ಸೊಸೆ ಎರಡು ಕೈಯೂ ಬೀಸುತ್ತಾ ಏನೋ ಕೂಗುತ್ತಿದ್ದಳು. ಮಳೆಯ ಸದ್ದಿನಲ್ಲಿ ಒಂದೇ ಪದ ತೇಲಿಬಂತು.

“ಫ್ಯೂಸು! ಮಾವಾ, ಫ್ಯೂಸು!”

ಅಜ್ಜನ ಕೈ ತಾನಾಗಿಯೇ ಎದೆಯ ಜೇಬಿಗೆ ಹೋಯಿತು. ಬಿಳಿ ಪಿಂಗಾಣಿ ತಣ್ಣಗೆ ಕೈಗೆ ತಗುಲಿತು. ಮೂವತ್ತನಾಲ್ಕು ವರ್ಷದ ಅಭ್ಯಾಸ ತನ್ನ ಕೆಲಸ ಅಚ್ಚುಕಟ್ಟಾಗಿ ಮಾಡಿತ್ತು.

“ಅಯ್ಯೋ ದೇವರೇ,” ಎಂದು ಅಜ್ಜ ಕುಸಿದು ಹಿಟ್ಟಿನ ಚೀಲದ ಮೇಲೆ ಕೂತ.

“ಅಜ್ಜ, ಫ್ಯೂಸಿನ ಜಾಗಕ್ಕೆ ತಂತಿ ಸುತ್ತಿ ಹಾಕ್ಲಾ?” ಎಂದು ಸೊಸೆಯ ಪಕ್ಕದಿಂದ ಮೊಮ್ಮಗಳು ಕೂಗಿದಳು.

“ಬೇಡಾ! ಮುಟ್ಬೇಡಾ! ಮನೆ ಸುಟ್ಟು ಹೋಗುತ್ತೆ!” ಅಜ್ಜ ಎದ್ದುನಿಂತು ಗಂಟಲು ಹರಿಯುವ ಹಾಗೆ ಕೂಗಿದ. ಆಮೇಲೆ ಬೇಕರಿಯವನ ಕಡೆ ತಿರುಗಿ, “ನಾನು ಈಜ್ಕೊಂಡು ಹೋಗ್ತೀನಿ,” ಎಂದ.

“ನಿಮಗೆ ಈಜು ಬರುತ್ತಾ?”

“ಇಲ್ಲ.”

“ಹಾಗಾದ್ರೆ ಕೂತ್ಕೊಳಿ. ಕೊಡಿ ಇಲ್ಲಿ.” ಬೇಕರಿಯವನು ಫ್ಯೂಸನ್ನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದ. ಬೇಕರಿ ಇದ್ದದ್ದು ಟೀಚರ್ ಮನೆಯ ಸಾಲಿನಲ್ಲೇ. ಬಾಲ್ಕನಿಗೆ ಬಾಲ್ಕನಿ ಕೈಯಳತೆ. ಅವನು ಬಗ್ಗಿ ಪಕ್ಕದ ಬಡಗಿಯನ್ನು ಕೂಗಿ ಚೀಲ ದಾಟಿಸಿದ. ಬಡಗಿ ತನ್ನ ಗಟ್ಟಿ ತೋಳು ಚಾಚಿ ಬಾಣಂತಿಗೆ ಕೊಟ್ಟ. ಬಾಣಂತಿ ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಚೀಲ ಹಿಡಿದು ಮುಂದೆ ನಡೆದಳು. ಅಜ್ಜ ಕಿಟಕಿ ಚೌಕಟ್ಟು ಹಿಡಿದು ನೋಡುತ್ತಿದ್ದ. ಮುಂದಿನ ಬಾಲ್ಕನಿ ಟೀಚರದ್ದು.

ಟೀಚರ್ ಹೊರಗೆ ಬಂದರು. ಚೀಲ ಇಸಕೊಂಡರು. ಒಳಗೇನಿದೆ ಎಂದು ಎತ್ತಿ ನೋಡಿದರು, ಗುರುತು ಹಿಡಿದರು. ಹನ್ನೆರಡು ವರ್ಷದ ಹಿಂದೆ ಅಂಥದ್ದೇ ಒಂದು ಬಿಳಿ ಫ್ಯೂಸು ಅವರ ಗೋಡೆಯಿಂದ ಅಜ್ಜನ ಜೇಬಿಗೆ ಹೋಗಿತ್ತು. ಈಗ ಅಜ್ಜನದು ಅವರ ಕೈಯಲ್ಲಿತ್ತು.

ಟೀಚರ್ ಒಂದು ಗಳಿಗೆಯೂ ತಡಮಾಡಲಿಲ್ಲ. ಚೀಲವನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ ತೂಗುಹಾಕಿ, ಎರಡೂ ಕೈಯಿಂದ ಹಗ್ಗ ಎಳೆದರು. ಹನ್ನೆರಡು ವರ್ಷ ಯಾರೂ ಮುಟ್ಟದ ರಾಟೆ ಕಿರುಗುಟ್ಟಬೇಕಿತ್ತು, ಸಿಕ್ಕಿಕೊಳ್ಳಬೇಕಿತ್ತು. ಅದು ನಿನ್ನೆ ತಾನೇ ಎಣ್ಣೆ ಕುಡಿದ ಹಾಗೆ ಸರಸರ ಓಡಿತು. ಆ ಕಡೆ ಅಜ್ಜಿ, ದಿನಾ ಇದೇ ಕೆಲಸ ಮಾಡುವವಳಂತೆ, ಚೀಲ ಬರುವ ಮೊದಲೇ ಕೈ ಚಾಚಿ ನಿಂತಿದ್ದಳು.

“ಇವಳು...” ಎಂದ ಅಜ್ಜ.

“ಇಡೀ ಓಣಿಗೆ ಗೊತ್ತು ಅಜ್ಜ,” ಎಂದ ಬೇಕರಿಯವನು ತಣ್ಣಗೆ. “ನೀವು ಡ್ಯೂಟಿಗೆ ಹೋದ ಕೂಡ್ಲೇ ಹಗ್ಗದ ಮೇಲೆ ಸಕ್ಕರೆ, ಕಾಫಿಪುಡಿ, ಕತೆಪುಸ್ತಕ ಎಲ್ಲ ಓಡಾಡ್ತಿತ್ತು. ನಿವೃತ್ತಿಯಾದ ಮೇಲೆ ನೀವು ಮಧ್ಯಾಹ್ನ ಗೊರಕೆ ಹೊಡೆಯುವಾಗ.”

ಅಜ್ಜನಿಗೆ ಸಿಟ್ಟು ಬರಬೇಕಿತ್ತು. ಕಣ್ಣು ತುಂಬಿ ಬಂತು. ಎದುರು ಸಾಲಿನಲ್ಲಿ ಸೊಸೆಯ ಕೋಣೆ ಮೊದಲು ಬೆಳಗಿತು. ಆಮೇಲೆ ಈ ಸಾಲಿನ ಬಾಣಂತಿಯ ಮನೆ, ಬಡಗಿಯ ಮನೆ, ಒಂದೊಂದಾಗಿ ಐದೂ. ಬೇಕರಿಯ ಬಲ್ಬು ಅವನ ತಲೆ ಮೇಲೇ ಹತ್ತಿತು. ಓಣಿಯ ಎರಡೂ ಕಡೆಯಿಂದ ಹೋ ಎಂದು ಕೂಗೆದ್ದಿತು. ಟೀಚರ್ ಮನೆಯಲ್ಲಿ ಮಾತ್ರ ಕತ್ತಲು. ಅವರು ಒಳಗೆ ಹೋಗಲು ತಿರುಗಿದ್ದರು.

ಅಜ್ಜ ಕಿಟಕಿಯಿಂದ ಅರ್ಧ ಹೊರಗೆ ಬಾಗಿದ. “ಟೀಚರ್!”

ಹನ್ನೆರಡು ವರ್ಷದ ಮೇಲೆ ಮೊದಲ ಸಲ ಟೀಚರ್ ಅವನ ಕಡೆ ನೋಡಿದರು.

“ಟೀಚರ್, ಅವತ್ತು ನಾನು ರಸೀದಿ ನೋಡ್ಬೇಕಿತ್ತು! ನೋಡ್ಲಿಲ್ಲ! ತಪ್ಪು ಪಟ್ಟಿಯದಲ್ಲ, ನನ್ನದು!”

ಇಡೀ ಓಣಿ ಕೇಳಿಸಿಕೊಂಡಿತು. ಬಾಣಂತಿಯ ಮಗು ಕೂಡ ಅಳು ನಿಲ್ಲಿಸಿತು. ಟೀಚರ್ ಮಳೆಯಲ್ಲೇ ನಿಂತರು. ಆಮೇಲೆ ಅಜ್ಜನ ಕಡೆಗಲ್ಲ, ಎದುರು ಬಾಲ್ಕನಿಯ ಅಜ್ಜಿಯ ಕಡೆ ತಿರುಗಿ, ಪಾಠ ಹೇಳುವ ಗಟ್ಟಿ ದನಿಯಲ್ಲಿ ಹೇಳಿದರು:

“ಅಕ್ಕಾ, ಆ ತಂತಿ ಸುರುಳಿ ಹಗ್ಗಕ್ಕೆ ಹಾಕಿ.”

ತಂತಿ ಹಗ್ಗದ ಮೇಲೆ ತೂಗುತ್ತಾ ಓಣಿ ದಾಟಿತು. ಯಾವುದನ್ನು ಎಲ್ಲಿ ಸಿಕ್ಕಿಸಬೇಕೆಂದು ಅಜ್ಜ ಬೇಕರಿಯಿಂದ ಕೂಗಿದ, ಬಡಗಿ, ಬಾಣಂತಿ ಅದನ್ನೇ ಮುಂದಕ್ಕೆ ಕೂಗಿದರು, ಮೊಮ್ಮಗಳು ಅಷ್ಟೂ ಮಾಡಿದಳು. ಆರು ಗಂಟೆಯ ಹೊತ್ತಿಗೆ ಟೀಚರ್ ಕಿಟಕಿಯಲ್ಲಿ ಬೆಳಕು ಬಂತು. ಮಷಿನ್ನಿನ ಸದ್ದು ಬೇಕರಿವರೆಗೂ ಕೇಳುವ ಹಾಗಿರಲಿಲ್ಲ, ಆದರೂ ಅಜ್ಜ ತನಗೆ ಕೇಳಿಸಿತೆಂದೇ ಹೇಳಿದ. ಬೇಕರಿಯವನು ಕೊಟ್ಟ ನಾಲ್ಕು ಬನ್ನುಗಳನ್ನು ಒಂದಾದ ಮೇಲೊಂದು ತಿಂದು ಮುಗಿಸಿದ.

ನೀರಿಳಿಯಲು ಎರಡು ದಿನ ಹಿಡಿಯಿತು. ಅಷ್ಟೂ ಹೊತ್ತು ಆಕ್ಸಿಜನ್ ಮಷಿನ್ ಒಂದು ಸಲವೂ ನಿಲ್ಲಬಾರದೆಂದು ಉಳಿದ ಐದು ಮನೆಯವರು ತಾವಾಗಿಯೇ ಬಲ್ಬು ಆರಿಸಿ ಬೇಕರಿಯ ಮೇಣದಬತ್ತಿ ಹಚ್ಚಿಕೊಂಡರು. ಸೊಸೆ ಇಸ್ತ್ರಿ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿ ಮಾವನಿಗೆ ಕೊಟ್ಟಳು.

ತಿಂಗಳ ಕೊನೆಯ ದಿನ ಅಜ್ಜ ಸದ್ದಿಲ್ಲದೆ ಮಹಡಿ ಹತ್ತಿ ನೋಡಿದ. ಬಡಗಿ ಬಂದು ಮೇಜಿನ ಕಾಲುಗಳಿಗೆ ಗೇಣುದ್ದ ಮರ ಜೋಡಿಸಿ ಹೋಗಿದ್ದ. ಮೇಜು ಮೊದಲಿನ ಜಾಗದಲ್ಲೇ ಎತ್ತರವಾಗಿ ನಿಂತಿತ್ತು, ಬ್ಯಾಟರಿಗಳು ಅದರ ಹೊಟ್ಟೆ ಕೆಳಗೆ ಬೆಚ್ಚಗೆ ಕೂತಿದ್ದವು. ಸೊಸೆ ನಿಂತುಕೊಂಡೇ ಕತ್ತರಿ ಆಡಿಸುತ್ತಿದ್ದಳು.

“ಗುಜರಿಯವನು?” ಎಂದ ಅಜ್ಜ ಮೆಲ್ಲಗೆ.

“ಬೇರೆ ಕೆಲಸ ಇದೆಯಂತೆ ಅವನಿಗೆ,” ಎಂದಳು ಸೊಸೆ, ತಲೆಯೆತ್ತದೆ. “ಹೋಗಿ ಒಳ್ಳೇ ಅಂಗಿ ಹಾಕ್ಕೊಳಿ ಮಾವ. ಟೀಚರ್ ನಿಮ್ಮನ್ನ ಚಹಾಕ್ಕೆ ಕರೆದಿದ್ದಾರೆ.”

ಅಜ್ಜ ಸೊಸೆ ತೆಗೆದಿಟ್ಟಿದ್ದ ಅಂಗಿ ತೊಟ್ಟು, ಓಣಿ ದಾಟಿ, ಎದುರು ಮನೆಯ ಮೆಟ್ಟಿಲು ಹತ್ತಿದ. ಟೀಚರ್ ಕುರ್ಚಿ ತೋರಿಸಿದರು. ಒಳಗಿನ ಹಾಸಿಗೆಯಿಂದ ಅವರ ತಾಯಿ ಕೈಯೆತ್ತಿ ಮಷಿನ್ನಿನ ಕಡೆ ತೋರಿಸಿ ನಕ್ಕರು. ಚಹಾ ಬಂತು. ಚಹಾದ ಜೊತೆ ತಟ್ಟೆಯಲ್ಲಿ ಒಂದು ಹಳದಿಗಟ್ಟಿದ ಚೀಟಿಯೂ ಬಂತು. ನಾಲ್ಕಾಗಿ ಮಡಚಿ ಮಡಿಕೆ ಹರಿದಿದ್ದ ರಸೀದಿ.

ಟೀಚರ್ ತಟ್ಟೆಯನ್ನು ಅಜ್ಜನ ಮುಂದೆ ಸರಿಸಿದರು. ಅಜ್ಜ ಕನ್ನಡಕ ಹಾಕಿಕೊಂಡು, ಚೀಟಿಯನ್ನು ಬೆಳಕಿಗೆ ಹಿಡಿದು, ಮನೆ ನಂಬರು, ತಾರೀಖು, ಮುದ್ರೆ, ಸಹಿ, ಒಂದಕ್ಷರ ಬಿಡದೆ ಮೇಲಿಂದ ಕೆಳಗೆ ಓದಿದ. ಚಹಾ ಆರಿತು.

“ಕಟ್ಟಿದ್ದೀರಿ ಟೀಚರ್,” ಎಂದ.

“ಹೌದು,” ಎಂದರು ಟೀಚರ್. “ಇನ್ನು ಅದು ನನಗೆ ಬೇಡ. ನೀವೇ ಇಟ್ಕೊಳಿ.”

ಅಜ್ಜ ಚೀಟಿಯನ್ನು ಮಡಚಿ ಎದೆಯ ಜೇಬಿಗೆ ಹಾಕಲು ಹೋದ. ಹೋಗಲಿಲ್ಲ. ತಡವಿ ನೋಡಿದ. ಜೇಬಿನ ಬಾಯನ್ನು ಸೊಸೆ ಹೊಲಿದುಬಿಟ್ಟಿದ್ದಳು, ಎರಡು ಸಾಲು, ಸಣ್ಣ ಸಣ್ಣ ಗಟ್ಟಿ ಹೊಲಿಗೆ. ಮನೆಯಲ್ಲಿದ್ದ ಏಳು ಅಂಗಿಗಳಿಗೂ ಹಾಗೇ ಎಂದು ಆಮೇಲೆ ತಿಳಿಯಿತು. ಟೀಚರ್ ಅದನ್ನು ಕಂಡು ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಬಂದೇಬಿಟ್ಟಿತು. ಎದುರು ಬಾಲ್ಕನಿಯಿಂದ ಅಜ್ಜಿ ಇಣುಕಿದಳು.

ಇಟ್ಟುಕೊಳ್ಳಲು ಬೇರೆ ಜಾಗವಿರಲಿಲ್ಲ. ಅಜ್ಜ ರಸೀದಿಯನ್ನು ಕೈಯಲ್ಲೇ ಹಿಡಿದುಕೊಂಡು, ಎಲ್ಲರೂ ನೋಡುತ್ತಿದ್ದಂತೆ, ಓಣಿ ದಾಟಿ ಮನೆಗೆ ಬಂದ.